‘ಮುಟುರು’, ‘ನುಸಿ’, ‘ಜಿಗಿ’: ದಾಸವಾಳದ ಎಲೆಗೆ ಏನಾಗಿದೆ ಅಂತ ಯಾವ ಪದದಲ್ಲಿ ಹೇಳೋದು?

ಬಳ್ಳಾರಿಯಲ್ಲಿ ನಮ್ಮ ಮಾಳಿಗೆ ಮೇಲಿನ ಕುಂಡದಲ್ಲಿ ಒಂದು ಕೆಂಪು ದಾಸವಾಳ ಇದೆ. ಅದರ ಎಲೆ ಮುದುಡಿಕೊಂಡಿದೆ. ಏನಾಗಿದೆ ಅಂತ ಯಾರನ್ನು ಕೇಳಿದರೂ ‘ಮುಟುರು’ ಅನ್ನುತ್ತಾರೆ. ಒಂದೇ ಪದ, ಆದರೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅರ್ಥ. ಅದಕ್ಕೇ ಈ ಪ್ರಶ್ನೆ.

ನಮ್ಮ ಕಡೆ ‘ಮುಟುರು’ ಮೊದಲಿನಿಂದಲೂ ಮೆಣಸಿನಕಾಯಿ ಹೊಲದ ಮಾತು. ನಿಘಂಟಿನಲ್ಲಿ ಸಿಗುವ ‘ಮುರುಟು’ ಕ್ರಿಯಾಪದದ ಅಕ್ಷರ ಹಿಂದುಮುಂದಾಗಿ ಇದು ಬಂದಿರಬೇಕು ಅಂತ ನನ್ನ ಅನಿಸಿಕೆ. ಹುಟ್ಟು ಹೇಗಾದರೂ ಇರಲಿ, ನನ್ನ ತಕರಾರು ಬಳಕೆಯ ಬಗ್ಗೆ. ಥ್ರಿಪ್ಸ್ ಅನ್ನೋ ಸಣ್ಣ ಕೀಟ ರಸ ಹೀರಿದರೂ ಮುಟುರು, ಮೈಟ್ ಅನ್ನೋ ಇನ್ನೂ ಸಣ್ಣ ಜೀವಿ ಹೀರಿದರೂ ಮುಟುರು, ಬಿಳಿ ನೊಣ ಹರಡುವ ವೈರಸ್ ಬಂದರೂ ಮುಟುರು.

ಗೊಬ್ಬರದ ಅಂಗಡಿಗೆ ಎಲೆ ಒಯ್ದು ತೋರಿಸಿದೆ. “ಮುಟುರು ಬಿದ್ದೈತ್ರಿ ಅಕ್ಕಾರ, ನುಸಿಗೆ ಎಣ್ಣಿ ಕೊಡ್ತೀನಿ, ಹೊಡೀರಿ” ಅಂದರು. (ಹೊರಗಿನವರಿಗೆ: ಇಲ್ಲಿ ‘ಎಣ್ಣೆ ಹೊಡೆಯೋದು’ ಅಂದರೆ ಕೀಟನಾಶಕ ಸಿಂಪಡಿಸೋದು. ಬೇರೆ ಅರ್ಥ ಬೇಡ.) ಯಾವ ನುಸಿ ಅಂತ ಕೇಳಿದೆ. “ನುಸಿ ಅಂದ್ರ ನುಸೀನ ರೀ, ಅದ್ರಾಗ ಯಾವ್ದು ಅಂತೀರಿ?”

ಆದರೆ ಅದರಲ್ಲಿ ಎರಡಿವೆ. ಕನ್ನಡದ ಕೃಷಿ ಕೈಪಿಡಿಗಳಲ್ಲೇ ‘ಥ್ರಿಪ್ಸ್ ನುಸಿ’, ‘ಮೈಟ್ ನುಸಿ’ ಅಂತ ಎರಡೂ ಕಡೆ ನುಸಿ ಬರುತ್ತದೆ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಕೀಟವೇ ಅಲ್ಲ, ಅದಕ್ಕೆ ಸಾಮಾನ್ಯವಾಗಿ ಎಂಟು ಕಾಲು, ಜೇಡದ ಬಳಗ. ಥ್ರಿಪ್ಸ್‌ಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಮೈಟ್ ಮೇಲೆ ಕೆಲಸ ಮಾಡೋದಿಲ್ಲ. ಎಷ್ಟೋ ಸಲ ಅದನ್ನು ಹೊಡೆದ ಮೇಲೆ ಮೈಟ್ ಇನ್ನೂ ಜಾಸ್ತಿಯಾಗುತ್ತವೆ. ಮೈಟ್‌ಗೆ ನೀರಲ್ಲಿ ಕರಗುವ ಗಂಧಕ ಆಗುತ್ತದೆ, ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ. ಪದ ಒಂದೇ ಇದ್ದರೆ ಡಬ್ಬಿ ತಪ್ಪಿ ಬರುತ್ತದೆ, ಅಷ್ಟೇ.

ಈಗ ತೆಲುಗಿನವರನ್ನು ನೋಡಿ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಸುತ್ತ ಕ್ಯಾಂಪುಗಳಲ್ಲಿ (ಆಂಧ್ರದಿಂದ ಬಂದು ನೆಲೆಸಿದವರ ಊರುಗಳಲ್ಲಿ) ಇರುವ ರೈತರ ಬಾಯಲ್ಲಿ ಇದು ಎಷ್ಟು ಸಲೀಸು! ಎಲೆಯ ಅಂಚು ಮೇಲಕ್ಕೆ ಮಡಚಿದರೆ ‘ಪೈ ಮುಡತ’, ಅದು ಥ್ರಿಪ್ಸ್. ಅಂಚು ಕೆಳಗೆ ಬಗ್ಗಿ ಎಲೆ ಬೋರಲಾದರೆ ‘ಕಿಂದ ಮುಡತ’, ಅದು ಮೈಟ್. ಎಲೆ ನೋಡಿದ ಕೂಡಲೇ ಹೆಸರು, ಹೆಸರು ಹೇಳಿದ ಕೂಡಲೇ ಔಷಧಿ. ಜೀವಿಗಳಿಗೂ ಬೇರೆ ಬೇರೆ ಹೆಸರು: ಥ್ರಿಪ್ಸ್ ‘ತಾಮರ ಪುರುಗು’, ಮೈಟ್ ‘ನಲ್ಲಿ’. ಈ ‘ನಲ್ಲಿ’ಯನ್ನು ಮಾತ್ರ ನಾವು ಎರವಲು ತರೋ ಹಾಗಿಲ್ಲ. ಗಿಡಕ್ಕೆ ನಲ್ಲಿ ಬಂದಿದೆ ಅಂದರೆ ಬಳ್ಳಾರಿಯಲ್ಲಿ ಜನ ಕೊಡ ಹಿಡಿದು ಓಡಿ ಬರುತ್ತಾರೆ.

ಇಲ್ಲೊಂದು ಸೋಜಿಗ. ತೆಲುಗಿನ ನಲ್ಲಿಗೆ ತಿಗಣೆ ಅಂತಲೂ ಅರ್ಥ ಇದೆ. ಬಿಳಿ ಹಿಟ್ಟು ಮೆತ್ತಿಕೊಂಡ ಹಾಗೆ ಕಾಣುವ ಮೀಲಿಬಗ್‌ಗೆ ಅವರು ‘ಪಿಂಡಿ ನಲ್ಲಿ’ ಅನ್ನುತ್ತಾರೆ, ನಾವು ‘ಹಿಟ್ಟು ತಿಗಣೆ’ ಅನ್ನುತ್ತೇವೆ. ಅಚ್ಚು ಅದೇ ಮಾತು. ಅಲ್ಲಿ ಜೊತೆಗೆ ನಡೆದ ಎರಡು ಭಾಷೆಗಳು ಮೈಟ್ ಹತ್ತಿರ ಬಂದಾಗ ಯಾಕೆ ಬೇರೆಯಾದವು? ಕೆಂಪು ಮೈಟ್‌ಗೆ ನಾವು ‘ಕೆಂಪು ತಿಗಣೆ’ ಅನ್ನಲಿಲ್ಲ, ‘ಕೆಂಪು ನುಸಿ’ ಅಂದೆವು.

ತುಮಕೂರು, ಹಾಸನದ ಕಡೆಯವರಿಗೆ ಈ ಗೊಂದಲ ಕಡಿಮೆ ಇರಬಹುದು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ಮೈಟ್ ಆಮೇಲೆ ಕರ್ನಾಟಕಕ್ಕೂ ಬಂತು. ‘ನುಸಿ ಪೀಡೆ’ ಅನ್ನೋ ಮಾತು ಪತ್ರಿಕೆಗಳಲ್ಲಿ ಓಡಾಡಿ, ಅಲ್ಲಿ ನುಸಿ ಅಂದರೆ ಮೈಟ್ ಅಂತ ಗಟ್ಟಿಯಾಯಿತು. ನಮ್ಮಲ್ಲಿ ತೆಂಗು ಕಡಿಮೆ, ಮೆಣಸಿನಕಾಯಿ ಜಾಸ್ತಿ. ಇಲ್ಲಿ ನುಸಿ ಇನ್ನೂ ಎಲ್ಲಾ ಸಣ್ಣ ಹುಳಕ್ಕೂ ಸಲ್ಲುತ್ತದೆ. ಡಬ್ಬಿಯಲ್ಲಿ ಹಳತಾದ ಜೋಳಕ್ಕೆ ಹತ್ತೋದೂ ನುಸಿಯೇ ಅಲ್ವಾ?

ನಮ್ಮ ಗಿಡದಲ್ಲಿ ಕಂಡದ್ದು ಹೇಳುತ್ತೇನೆ. ತುದಿಯ ಎಳೆ ಎಲೆಗಳ ಅಂಚು ಕೆಳಗೆ ಬಗ್ಗಿದೆ, ಮುಟ್ಟಿದರೆ ಗಡಸು. ಕೆಳಗಿನ ಬಲಿತ ಎಲೆಗಳು ಬಗ್ಗಿಲ್ಲ. ಆದರೆ ಮೇಲ್ಮೈ ತುಂಬಾ ಸೂಜಿ ಮೊನೆಯಷ್ಟು ಬಿಳಿಚಿದ ಗುರುತು, ಸಣ್ಣ ರವೆ ಉದುರಿಸಿದ ಹಾಗೆ. ಎಲೆ ತಿರುಗಿಸಿದರೆ ನರದ ಪಕ್ಕ ಬೂದು ಧೂಳು. ತೊಟ್ಟಿನ ಹತ್ತಿರ ತೆಳ್ಳನೆ ಬಲೆ. ಬಿಳಿ ಹಾಳೆ ಹಿಡಿದು ಎಲೆ ತಟ್ಟಿದೆ. ಬಿದ್ದ ಧೂಳಲ್ಲಿ ಕೆಲವು ಕಣ ಮೆಲ್ಲಗೆ ನಡೆದವು. ಥ್ರಿಪ್ಸ್ ಆಗಿದ್ದರೆ ಉದ್ದಕ್ಕೆ ಗೆರೆಯ ಹಾಗಿದ್ದು ಸರಸರ ಓಡಬೇಕಿತ್ತು. ಹಾಗಾಗಿ ಕೆಳಗಿನ ಎಲೆಯಲ್ಲಿರೋದು ಬಲೆ ಕಟ್ಟುವ ಮೈಟ್, ಅದರಲ್ಲಿ ಅನುಮಾನ ಇಲ್ಲ. ಎಳೆ ಎಲೆ ಬಗ್ಗಿಸುವ ಮೈಟ್ ಇನ್ನೂ ಸಣ್ಣದು, ಬರಿಗಣ್ಣಿಗೆ ಬೀಳೋದಿಲ್ಲ.

ಆ ಬಿಳಿಚಿದ ಗುರುತಿಗೆ ಏನನ್ನೋಣ? ‘ಚುಕ್ಕೆ’ ಅಂದರೆ ಅಂಗಡಿಯವರು ಚುಕ್ಕೆ ರೋಗ ಅಂತ ತಿಳಿದು ಶಿಲೀಂಧ್ರದ ಔಷಧಿ ಕೊಡುತ್ತಾರೆ. ‘ಬೂದಿ’ ಅಂದರೆ ಬೂದಿ ರೋಗ, ಅದೂ ಶಿಲೀಂಧ್ರವೇ. ಕುಷ್ಟಗಿಯ ನಮ್ಮ ಅತ್ತೆ “ಎಲಿ ಬೆಳ್ಳಗಾಗಿ ಸೊರಗೈತಿ” ಅಂದರು. ಚೆನ್ನಾಗಿದೆ, ಆದರೆ ನೀರಿಲ್ಲದೆಯೂ ಎಲೆ ಸೊರಗುತ್ತದೆ.

‘ಜಿಗಿ’ಯದೂ ಇದೇ ಕಥೆ. ರಾಯಚೂರು ಕಡೆ ಹತ್ತಿ ಬೆಳೆಯುವವರಿಗೆ ಜಿಗಿ ಹುಳು ಗೊತ್ತು, ಮುಟ್ಟಿದರೆ ಅಡ್ಡಡ್ಡ ಓಡಿ ಜಿಗಿಯುವ ಹಸಿರು ಹುಳು. ಹತ್ತಿ, ಬೆಂಡೆ, ದಾಸವಾಳ ಒಂದೇ ಕುಟುಂಬ, ಹಾಗಾಗಿ ಅದು ಕುಂಡಕ್ಕೂ ಬರುತ್ತದೆ. ಆಗ ಎಲೆಯ ಅಂಚು ಮೊದಲು ಹಳದಿಯಾಗಿ, ಆಮೇಲೆ ಕೆಂಪಗಾಗಿ ಕೆಳಗೆ ಬಗ್ಗುತ್ತದೆ. ಆದರೆ ಗಿಡದ ಹೇನು, ಹಿಟ್ಟು ತಿಗಣೆ ಬಿಡುವ ಅಂಟಿಗೂ ಜನ ‘ಜಿಗಿ’ ಅನ್ನುತ್ತಾರೆ. ‘ಜಿಗಿ ಬಿದ್ದೈತಿ’ ಅಂದರೆ ಹುಳವೋ, ಅಂಟೋ?

ಹೊಲದ ಪದ ಕುಂಡಕ್ಕೆ ಸರಿಯಾಗಿ ಕೂಡೋದೂ ಉಂಟು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ‘ಸವಳು-ಜವಳು’ ಎಲ್ಲರಿಗೂ ಗೊತ್ತಿರುವ ಜೋಡಿ. ಬೋರ್‌ವೆಲ್ ನೀರು ಹಾಕಿ ಹಾಕಿ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿ, ಎಲೆಯ ಅಂಚು ಕಂದಾಗಿ ಒಣಗಿದರೆ ಅದು ಸವಳು. ತಟ್ಟೆಯಲ್ಲಿ ನೀರು ನಿಂತು ಬೇರು ಕೊಳೆತು ಎಲೆ ಹಳದಿಯಾದರೆ ಅದು ಜವಳು. ಇದಕ್ಕಿಂತ ಒಳ್ಳೆಯ ಪದ ಬೇಕಿಲ್ಲ.

ಹಾಗಾಗಿ ನಾನು ಕೇಳೋದು ಇಷ್ಟು. ಎಲೆ ಮೇಲಕ್ಕೆ ಮಡಚೋದು, ಕೆಳಗೆ ಬಗ್ಗೋದು, ಇವಕ್ಕೆ ಕನ್ನಡದ ರೈತರ ಬಾಯಲ್ಲಿ ಬೇರೆ ಬೇರೆ ಪದ ಇದೆಯಾ? ‘ಮೇಲ್ಮುಟುರು’, ‘ಕೆಳಮುಟುರು’ ಅಂತ ನಾನೇ ಕಟ್ಟಬಹುದು, ಆದರೆ ಸುಮ್ನೆ ಕಟ್ಟಿದ ಪದ ಅಂಗಡಿಯಲ್ಲಿ ನಡೆಯೋದಿಲ್ಲ. ಬ್ಯಾಡಗಿ, ಕುಂದಗೋಳ ಕಡೆಯ ಮೆಣಸಿನಕಾಯಿ ಬೆಳೆಗಾರರ ಮನೆಯವರು ಇದ್ದರೆ ದಯವಿಟ್ಟು ಹಿರಿಯರನ್ನು ಕೇಳಿ ತಿಳಿಸಿ. ಮೈಟ್ ಮಾಡುವ ಆ ಬಿಳಿ ಗುರುತಿಗೆ ಪದ ಸಿಕ್ಕರೆ ಅದೂ ಬೇಕು. ಪದದ ಜೊತೆ ಊರಿನ ಹೆಸರು, ಯಾವ ಬೆಳೆಗೆ ಹೇಳುತ್ತಾರೆ ಅನ್ನೋದನ್ನೂ ಬರೆಯಿರಿ. ಅಲ್ಲಿಯವರೆಗೆ ನಾನು ಎಲೆಯ ಕೆಳಗೆ ಜೋರಾಗಿ ನೀರು ಹೊಡೆಯುತ್ತಿದ್ದೇನೆ. ಬಲೆ ಕಟ್ಟುವ ಮೈಟ್‌ಗೆ ಒಣ ಹವೆ ಇಷ್ಟ, ನೀರು ಕಷ್ಟ.