ಡಾಕ್ಯುಮೆಂಟರಿಗೆ ಫ್ಲೆಕ್ಸ್ ಮೇಲೆ ಏನ್ ಬರೆಯೋದು? (ಅರ್ಜೆಂಟ್)

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ನಮ್ ಬಡಾವಣೆ ಲೈಬ್ರರಿ ಹಾಲಲ್ಲಿ ಭಾನುವಾರ ಮೂರು ಡಾಕ್ಯುಮೆಂಟರಿ ತೋರಿಸ್ತಿದೀವಿ, ಫ್ಲೆಕ್ಸ್ ಇವತ್ತು ಸಂಜೆನೇ ಪ್ರಿಂಟಿಗೆ ಹೋಗ್ಬೇಕು. ‘ಸಾಕ್ಷ್ಯಚಿತ್ರ’ ಗೊತ್ತು, ಪೌರಕಾರ್ಮಿಕರದಕ್ಕೂ ಎಲೆಕ್ಷನ್ನಿಂದಕ್ಕೂ ಒಪ್ಪುತ್ತೆ. ಮೂರನೇದು ಮಗಳೊಬ್ಳು ತನ್ನ ಅಮ್ಮನ ಮರೆವಿನ ಕಾಯಿಲೇನ ಮನೇಲೇ ಕೂತು ಶೂಟ್ ಮಾಡಿರೋದು. ಅದಕ್ಕೂ ಸಾಕ್ಷ್ಯ ಅಂದ್ರೆ ಆ ತಾಯೀನ ಕಟಕಟೇಲಿ ನಿಲ್ಲಿಸ್ದಂಗಿದೆ. ಬೇರೆ ಪದ ಇದ್ಯಾ?

*

ದಿಟತಿಟ್ಟ. ದಿಟ ಅಂದ್ರೆ ನಿಜ, ತಿಟ್ಟ ಅಂದ್ರೆ ಚಿತ್ರ. ಸಾಕ್ಷ್ಯ ಅಂತ ಎಷ್ಟು ಜನ ನೆಟ್ಟಗೆ ಉಲೀತಾರೆ ಹೇಳಿ, ಊರಲ್ಲಿ ಎಲ್ರೂ ‘ಸಾಕ್ಸಿ’ನೇ. ಬಾಯಿಗೆ ಬಾರದ ಒತ್ತು ಕನ್ನಡಕ್ಕೆ ಬೇಡ.

*

> ದಿಟತಿಟ್ಟ

ಮಂಡ್ಯ ಕಡೆ ತಿಟ್ಟು ಅಂದ್ರೆ ದಿಬ್ಬ ಸಾರ್. ಸರ್ವೆ ನಡೀತೈತೆ ಅನ್ಕಂಡು ಪಹಣಿ ಹಿಡ್ಕಂಡು ಬತ್ತಾರೆ ಜನ. ನಾವು ಟೆಂಟಲ್ಲಿ ಪಿಚ್ಚರ್‌ಗೆ ಮುಂಚೆ ಸರ್ಕಾರದ ಫಿಲ್ಮ್ಸ್ ಡಿವಿಷನ್ನೋರ್ದು ನೋಡ್ತಿದ್ದೋ, ಪ್ರವಾಹ, ಅಣೆಕಟ್ಟು, ಮಂತ್ರಿ ಟೇಪು ಕತ್ತರಿಸೋದು, ಎಲ್ಲಾನೂ ‘ನ್ಯೂಸ್‌ರೀಲ್’ ಅಂತ್ಲೇ ಅಂತಿದ್ದೋ, ಗಂಡಸ್ರು ಬೀಡಿ ಸೇದಕ್ಕೆ ಎದ್ದೋಗೋ ಟೈಮದು. ಅಚ್ಚಗನ್ನಡನೇ ಬೇಕಂದ್ರೆ ‘ದಾಖಲೆಚಿತ್ರ’ ಹಾಕಿ ಮೇಡಂ.

*

ದಾಖಲೆ ಅಚ್ಚಗನ್ನಡವಂತೆ! ಅರಬ್ಬಿಯ ‘ದಾಖಿಲ್’ ಅದು, ಒಳಗೆ ಬಂದದ್ದು ಅಂತ ಅರ್ಥ, ಪಾರಸಿ ಆಡಳಿತದ ಬೆನ್ನು ಹಿಡಿದು ಬಂದು ನಮ್ಮ ತಾಲ್ಲೂಕು ಕಚೇರೀಲಿ ಕೂತಿದೆ. ಇನ್ನು ಸಾಕ್ಷಿಗೆ ಕೋರ್ಟಿನ ವಾಸನೆ ಅಂಟಿದ್ದು ಬಳಕೆಯಿಂದ. ಪಾಣಿನಿಯ ಸೂತ್ರ ಇದೆ, ‘ಸಾಕ್ಷಾದ್ ದ್ರಷ್ಟರಿ ಸಂಜ್ಞಾಯಾಮ್’. ಕಣ್ಣಾರೆ ಕಂಡವನು ಸಾಕ್ಷಿ. ಅಮ್ಮನ್ನ ಆ ಮಗಳಿಗಿಂತ ಹತ್ತಿರದಿಂದ ಕಂಡವರು ಯಾರಮ್ಮ? ಚರ್ಚೆ ಮುಗೀತು.

*

> ಚರ್ಚೆ ಮುಗೀತು

ತಾವು ಅಂದ ತಕ್ಷಣ ಮುಗಿಯಲ್ಲ ಗುರುಗಳೇ. 1926ರಲ್ಲಿ ಜಾನ್ ಗ್ರಿಯರ್ಸನ್ ಅನ್ನೋ ವಿಮರ್ಶಕ ‘ಮೊವಾನಾ’ ಅನ್ನೋ ಸಿನಿಮಾದ ವಿಮರ್ಶೇಲಿ ‘ಡಾಕ್ಯುಮೆಂಟರಿ’ ಅನ್ನೋ ಪದ ಬಳಸಿದ ಮೇಲೇನೇ ಇದು ಇಂಗ್ಲಿಷಲ್ಲಿ ಬೇರು ಬಿಟ್ಟಿದ್ದು, ಅದರ ಮೂಲ ಲ್ಯಾಟಿನ್ನಿನ ‘ಡೊಕೇರೆ’, ಅಂದ್ರೆ ಕಲಿಸೋದು. ಮೂಲಾನೇ ಹಿಡ್ಕೊಂಡ್ರೆ ‘ಪಾಠಚಿತ್ರ’ ಅನ್ಬೇಕಾಗುತ್ತೆ, ಯಾರೂ ಬರಲ್ಲ. ತಮಿಳರು ಆವಣಪ್ಪಡಂ ಅಂತಾರೆ, ಮರಾಠಿಯೋರು ಮಾಹಿತಿಪಟ, ಹಿಂದಿಯೋರು ವೃತ್ತಚಿತ್ರ, ಒಬ್ಬೊಬ್ರು ಒಂದೊಂದು ತುದಿ ಹಿಡ್ಕೊಂಡಿದಾರೆ. ಬಸ್ಸು ರೈಲು ಅರಗಿಸ್ಕೊಂಡ ಭಾಷೆಗೆ ಡಾಕ್ಯುಮೆಂಟರಿ ಭಾರನಾ?

*

ಅರಗಿಸ್ಕೊಂಡು ಅರಗಿಸ್ಕೊಂಡೇ ನಮ್ ಮಕ್ಕಳು ಅನ್ನಕ್ಕೆ ರೈಸ್ ಅಂತಿರೋದು.

*

ರೈಸಿಗೂ ಇದಕ್ಕೂ ಏನ್ರೀ ಸಂಬಂಧ? 2023ರಲ್ಲಿ ಇಲ್ಲೇ ಬಂಡೀಪುರದ ಆಚೆ ಮುದುಮಲೈಯಲ್ಲಿ ತೆಗೆದ ಆನೆಮರಿ ಡಾಕ್ಯುಮೆಂಟರಿಗೆ ಆಸ್ಕರ್ ಬಂತು. ಪೇಪರ್‌ನೋರು ‘ಕಿರು ಸಾಕ್ಷ್ಯಚಿತ್ರ’ ಅಂದ್ರು. ಗಂಡ ಹೆಂಡ್ತಿ ಮರಿ ಸಾಕಿದ ಕಥೆ ಅದು, ಆನೆ ಮೇಲೆ ಕೇಸು ಹಾಕಿದಾರೆ ಅಂತ ಯಾರೂ ತಿಳ್ಕೊಳ್ಲಿಲ್ಲ. ಮೇಡಂ, ಅದನ್ನೇ ಹಾಕಿ.

*

ಎಲ್ರಿಗೂ ಥ್ಯಾಂಕ್ಸ್. ಮೇಲೆ ದೊಡ್ಡದಾಗಿ ‘ಸಾಕ್ಷ್ಯಚಿತ್ರಗಳು’, ಮೂರನೇದರ ಪಕ್ಕ ಮಾತ್ರ ‘ಮನೆಯೊಳಗಿನ ಕಥೆ’ ಅಂತ ಹಾಕಿಸ್ದೆ. ಅಂಗಡೀಲಿ ಯುನಿಕೋಡಿಂದ ‘ನುಡಿ’ ಫಾಂಟಿಗೆ ಕನ್ವರ್ಟ್ ಮಾಡ್ವಾಗ ಯ-ಒತ್ತು ಹಾರೋಗಿ ‘ಸಾಕ್ಷಚಿತ್ರ’ ಆಗಿತ್ತು, ಪಕ್ಕದಲ್ಲೇ ಕೂತು ತಿದ್ದಿಸ್ಬೇಕಾಯ್ತು.

*

ನೋಡಿದ್ರಾ? ದಿಟತಿಟ್ಟ ಆಗಿದ್ರೆ ಯಾವ ಒತ್ತೂ ಹಾರ್ತಿರ್ಲಿಲ್ಲ.

*

‘ಟ್ಟ’ದ ಕೆಳಗಿರೋದೇನು ಸ್ವಾಮಿ, ಕೊಂಬಾ?