ಜಾಡಿಯ ಕಡಲ ಸೌತೆ: ಮೈಕ್ರೋಸ್ಕೋಪಿನಲ್ಲಿ ಏನೂ ಕಾಣ್ತಿಲ್ಲ

ಲ್ಯಾಬ್‌ಮೂಲೆ, ಶಿವಮೊಗ್ಗ:
ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಒಂದು ಹಳೇ ಜಾಡಿ. ಮಳೆಗಾಲದ ಥಂಡಿಗೆ ಚೀಟಿ ಬೂಸ್ಟು ಹಿಡಿದು ‘ಲಕ್ಷದ್ವೀಪ’ ಅನ್ನುವುದಷ್ಟೇ ಉಳಿದಿದೆ. ಒಳಗೆ ಗೇಣುದ್ದದ ಕರೀ ಕಡಲ ಸೌತೆ, ಅಂದರೆ ಸೌತೆಕಾಯಿಯಂಥ ಕಡಲ ಪ್ರಾಣಿ. ಜಾತಿ ಯಾವುದು, ಹೊಲೊಥೂರಿಯಾ ಆಟ್ರಾನೋ, ಲ್ಯೂಕೋಸ್ಪೈಲೋಟಾನೋ? ಅಕ್ಕಿಕಾಳಿನಷ್ಟು ಚರ್ಮ ಕತ್ತರಿಸಿ, ಸ್ಲೈಡ್ ಮೇಲಿಟ್ಟು ಬ್ಲೀಚ್ ಬಿಟ್ಟೆ. ಚರ್ಮ ಕರಗಿತು. ಆಕಾರ ನೋಡಿ ಜಾತಿ ಹೇಳಬಹುದಾದ, ಚರ್ಮದೊಳಗಿನ ಸುಣ್ಣದ ಚೂರು ಒಂದೂ ಇಲ್ಲ! ಮೂರು ಸಲ ಮಾಡಿದೆ. ಬ್ಲೀಚ್ ಜಾಸ್ತಿ ಆಯ್ತಾ?

ಮಲ್ಪೆಗಾಳಿ:
ಜಾಡಿಯಲ್ಲಿರುವುದು ಫಾರ್ಮಲಿನ್ನೋ, ಸ್ಪಿರಿಟ್ಟೋ ಸರ್?

ಲ್ಯಾಬ್‌ಮೂಲೆ:
ಫಾರ್ಮಲಿನ್. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು.

ಮಲ್ಪೆಗಾಳಿ:
ಹಾಗಾದ್ರೆ ಬ್ಲೀಚಿನ ತಪ್ಪಲ್ಲ. ಫಾರ್ಮಲಿನ್ ಹಳತಾದಂತೆ ಆಸಿಡ್ ಆಗುತ್ತದೆ, ಸುಣ್ಣವನ್ನು ತಿಂದು ಹಾಕುತ್ತದೆ. ಆ ಚೂರುಗಳು ಇನ್ನು ಸಿಗುವುದಿಲ್ಲ. ಉಳಿದಿದ್ದರೆ ಎರಡರಲ್ಲೂ ಪುಟ್ಟ ಮೇಜಿನಂಥವು ಕಾಣುತ್ತಿದ್ದವು. ಜೊತೆಗೆ ಆಟ್ರಾದಲ್ಲಿ ಹೂವಿನಂಥವು, ಇನ್ನೊಂದರಲ್ಲಿ ಅಂಗಿ ಗುಂಡಿಯಂಥ ತೂತಿನವು.

ಈಗ ಹೊಟ್ಟೆ ಸೀಳಿ. ಕಿಟಕಿ ತೆಗೆದಿಡಿ, ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹಿಂತುದಿಯ ಹತ್ತಿರ ಒತ್ತು ಶ್ಯಾವಿಗೆಯಂತೆ ಬಿಳಿ ಎಳೆಗಳ ಗೊಂಚಲು ಇದೆಯಾ? ಇದ್ದರೆ ಲ್ಯೂಕೋಸ್ಪೈಲೋಟಾ. ಕೆಣಕಿದರೆ ಆ ಅಂಟು ಎಳೆಗಳನ್ನು ಹಿಂದಿನಿಂದ ಎಸೆಯುತ್ತದೆ. ಆಟ್ರಾಗೆ ಅವಿಲ್ಲ. ಆದರೆ ಎಳೆ ಕಾಣಲಿಲ್ಲ ಅಂತ ಸುಮ್ನೆ ಆಟ್ರಾ ಎಂದು ಬರೆಯಬೇಡಿ. ಹಿಡಿಯುವಾಗಲೇ ಎಲ್ಲ ಎಸೆದಿರಬಹುದು.

ಸಾಗರದವಳು:
ನಾನು ಲಕ್ಷದ್ವೀಪದಲ್ಲಿ ಎರಡನ್ನೂ ನೋಡಿದ್ದೇನೆ. ಆಟ್ರಾ ಮೊಣಕಾಲುದ್ದ ನೀರಿನಲ್ಲಿ, ಬಯಲು ಮರಳಿನ ಮೇಲೇ ಬಿದ್ದಿರುತ್ತದೆ. ಮೈತುಂಬ ಮರಳು ಮೆತ್ತಿರುತ್ತದೆ, ಬೆನ್ನ ಮೇಲೆ ಮಾತ್ರ ಎರಡು ಸಾಲು ದುಂಡನೆಯ ಬೋಳು ಕಲೆ. ಮರಳು ನುಂಗಿ, ಅದರಲ್ಲಿನ ಕೊಳೆತದ್ದನ್ನು ಅರಗಿಸಿಕೊಂಡು, ಮಿಕ್ಕ ಮರಳನ್ನು ಹಿಂದೆ ಬಿಡುತ್ತದೆ. ಥೇಟ್ ನಮ್ಮ ತೋಟದ ಎರೆಹುಳ. ಬೆರಳಿನಿಂದ ಉಜ್ಜಿದರೆ ಮುರುಗಲು ಶರಬತ್ತಿನ ಬಣ್ಣ ಹತ್ತುತ್ತದೆ. ಇನ್ನೊಂದು ಸಂಕೋಚದ್ದು: ಹಿಂದಿನ ಮೈ ಕಲ್ಲಿನಡಿ ಸಿಕ್ಕಿಸಿಕೊಂಡು ಮುಂದಿನದನ್ನಷ್ಟೇ ಚಾಚಿ ಮೇಯುತ್ತದೆ. ಅದರ ಬೆನ್ನಿನ ಮೇಲೆ ಮೆತ್ತನೆಯ ಮೊನೆಗಳಿರುತ್ತವೆ. ಜಾಡಿಯದ್ದಕ್ಕೂ ಇವೆಯಾ ನೋಡಿ.

ಹೊಸದು ತರಿಸೋಣ ಅಂತ ಮಾತ್ರ ಹೊರಡಬೇಡಿ. 2001ರಿಂದ ಎಲ್ಲ ಕಡಲ ಸೌತೆಗಳೂ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.

ಲ್ಯಾಬ್‌ಮೂಲೆ:
ಶ್ಯಾವಿಗೆ ಸಿಕ್ತು! ಮೊನೆಗಳೂ ಇವೆ, ಮುದುಡಿವೆ ಅಷ್ಟೇ. ಲ್ಯೂಕೋಸ್ಪೈಲೋಟಾ ಅಂತ ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಜಾಡಿಯೊಳಗೇ ಹಾಕಿದೆ. ಪಕ್ಕದ ಜಾಡಿಯ ನಕ್ಷತ್ರಮೀನೂ ಫಾರ್ಮಲಿನ್ನಲ್ಲೇ ಇದೆಯಲ್ಲ, ಅದನ್ನೇನು ಮಾಡಲಿ?

ಮಲ್ಪೆಗಾಳಿ:
ಇವತ್ತೇ ತೆಗೆಯಿರಿ. ತೊಳೆದು 70% ಸ್ಪಿರಿಟ್ಟಿಗೆ ಹಾಕಿ. ಅದರ ಮೈಯೆಲ್ಲ ಸುಣ್ಣವೇ ಅಲ್ವಾ.