ಎದುರುಬದುರು ಸಾಲಿನ ನಿಧಾನಗತಿಯ ವಾಲ್ಟ್ಜ್: ಜೋಡಿ ಎದುರಿಗೆ ನಿಂತೊಡನೆ ಹೆಜ್ಜೆ ತಪ್ಪುತ್ತಿದೆ

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮಹಿಳೆಯರು ಸೇರಿ ವಾರ್ಷಿಕೋತ್ಸವಕ್ಕಾಗಿ ನಿಧಾನಗತಿಯ ವಾಲ್ಟ್ಜ್ (ಮೂರರ ಎಣಿಕೆಯ ಪಾಶ್ಚಾತ್ಯ ನೃತ್ಯ) ಮಾದರಿಯ ಸಾಲು ನೃತ್ಯವೊಂದನ್ನು ಕಲಿಯುತ್ತಿದ್ದೇವೆ. ಎರಡು ಸಾಲುಗಳು ಎದುರುಬದುರಾಗಿ ನಿಂತು, ಮುಂದೆ ಸಾಗಿ, ಪರಸ್ಪರ ದಾಟಿ, ಅರ್ಧ ಸುತ್ತು ತಿರುಗಿ ಮತ್ತೆ ಮುಖಾಮುಖಿಯಾಗುವ 48 ಎಣಿಕೆಯ ನೃತ್ಯ ಅದು. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಅಭ್ಯಾಸ ಮಾಡುವಾಗ ಹೆಜ್ಜೆ ಸರಿಯಾಗಿಯೇ ಬೀಳುತ್ತದೆ. ಜೋಡಿ ಎದುರಿಗೆ ಬಂದು ನಿಂತರೆ ಮಾತ್ರ ಎಡಕ್ಕೆ ಸರಿಯಬೇಕಾದವರು ಬಲಕ್ಕೆ ಸರಿಯುತ್ತಾರೆ; ನಾಲ್ಕನೆಯ ಎಣಿಕೆ ಬರುವಷ್ಟರಲ್ಲಿ ಕೆಲವರದು ಎಡಗಾಲು, ಕೆಲವರದು ಬಲಗಾಲು ಮುಂದಿರುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಕೋಲಾಟ ಚೆನ್ನಾಗಿ ಬರುವುದರಿಂದ ಎದುರು ಜೋಡಿ ನಮಗೆ ಹೊಸದಲ್ಲ. ಅರವತ್ತು ದಾಟಿದ ಹಿರಿಯರೂ ಜೊತೆಗಿದ್ದಾರೆ, ಅವರನ್ನು ಬಿಟ್ಟು ಕುಣಿಯುವ ಮನಸ್ಸು ಯಾರಿಗೂ ಇಲ್ಲ. ದಯವಿಟ್ಟು ತಿಳಿದವರು ದಾರಿ ತೋರಿಸಬೇಕು.

ಉತ್ತರ (ಬೀದರ್‌ನಿಂದ, ತಬಲಾ ನುಡಿಸುವವರು)

ಅಕ್ಕಾವರೇ, ನಿಮ್ಮ ಕೋಲಾಟ ನಾಲ್ಕರ ನಡೆಯದ್ದಾಗಿದ್ದರೆ ತೊಡಕಿನ ಒಂದು ಭಾಗ ಅಲ್ಲಿಯೇ ಇದೆ. ನಾಲ್ಕು ಹೆಜ್ಜೆ ಹಾಕಿದಾಗ ಮುಂದಿನ ಆವರ್ತನವೂ (ತಾಳದ ಸುತ್ತೂ) ಅದೇ ಕಾಲಿನಿಂದ ಆರಂಭವಾಗುತ್ತದೆ. ವಾಲ್ಟ್ಜ್ ಮೂರರ ನಡೆಯದ್ದಾದ್ದರಿಂದ ಮೊದಲ ಮೂರು ಹೆಜ್ಜೆ ಎಡಗಾಲಿನಿಂದ ಹೊರಟರೆ ಮುಂದಿನ ಮೂರು ಬಲಗಾಲಿನಿಂದ ಹೊರಡಲೇಬೇಕು. ಮೂರು ಮೂರಾಗಿ ಎಣಿಸುವುದನ್ನು ಬಿಟ್ಟು ಆರು ಮಾತ್ರೆಯ, ಅಂದರೆ ಆರು ಎಣಿಕೆಯ, ದಾದ್ರಾ ತಾಳವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಧಾ ಧೀ ನಾ, ಧಾ ತೀ ನಾ. ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಎಡಗಾಲು; ನಾಲ್ಕನೆಯ ಮಾತ್ರೆಯ ಖಾಲಿಗೆ (ಒತ್ತಿಲ್ಲದ ಜಾಗಕ್ಕೆ) ಬಲಗಾಲು. ನಮ್ಮ ಕಡೆ ಭಜನೆ ಕೇಳಿ ಬೆಳೆದವರ ಕಿವಿಗೆ ಈ ನಡೆ ಮೊದಲೇ ಗೊತ್ತಿರುತ್ತದೆ, ಬಾಯಲ್ಲಿ ಈ ಬೋಲು (ತಬಲಾದ ನುಡಿ) ಹೇಳುತ್ತ ನಡೆದರೆ ಕಾಲು ತಾನಾಗಿ ಹಿಂಬಾಲಿಸುತ್ತದೆ. ನಿಮ್ಮ 48 ಎಣಿಕೆ ಎಂದರೆ ದಾದ್ರಾದ ಎಂಟು ಆವರ್ತನ, ಅಷ್ಟೇ.

ವೇಗದ ಬಗ್ಗೆಯೂ ಒಂದು ಮಾತು. ಸ್ಪರ್ಧೆಗಳಲ್ಲಿ ನಿಧಾನಗತಿಯ ವಾಲ್ಟ್ಜ್ ನಿಮಿಷಕ್ಕೆ ಮೂರು ಮಾತ್ರೆಯ 28ರಿಂದ 30 ಸುತ್ತು, ಅಂದರೆ 84ರಿಂದ 90 ಮಾತ್ರೆ ಸಾಗುತ್ತದೆ. ಕಲಿಯುವಾಗ ಮೊಬೈಲಿನಲ್ಲಿ ಹಾಡಿನ ವೇಗವನ್ನು 0.75ಕ್ಕೆ ಇಳಿಸಿದರೆ ಅದು ಸುಮಾರು 65 ಮಾತ್ರೆಗೆ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಸಬೇಡಿ, ಒಂಟಿಗಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿ ಹಿರಿಯರಿಗೆ ಸಮತೋಲ ತಪ್ಪುತ್ತದೆ.

ಉತ್ತರ (ಕಲಬುರಗಿಯಿಂದ, ನೃತ್ಯ ಕಲಿಸುವವರು)

ತಾಳದ ವಿಷಯವನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ. ಆದರೆ ಕಾಲು ಅದಲುಬದಲಾಗುವುದಕ್ಕೆ ನಾನು ತರಗತಿಯಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಮೂರನೆಯ ಎಣಿಕೆಯಲ್ಲಿದೆ. ಒಂದಕ್ಕೆ ಎಡಗಾಲು ಉದ್ದಕ್ಕೆ ಮುಂದೆ, ಎರಡಕ್ಕೆ ಬಲಗಾಲು, ಮೂರಕ್ಕೆ ಎಡಗಾಲನ್ನು ಅದರ ಪಕ್ಕಕ್ಕೆ ತರಬೇಕು. ಇಲ್ಲಿ ಹಲವರು ಪಾದವನ್ನು ಪಕ್ಕಕ್ಕೆ ತಂದು ಮುಟ್ಟಿಸಿ ಸುಮ್ಮನಾಗುತ್ತಾರೆ, ಮೈಭಾರವನ್ನು ಅದರ ಮೇಲೆ ಹಾಕುವುದಿಲ್ಲ. ಭಾರ ಬಲಗಾಲಿನ ಮೇಲೆಯೇ ಉಳಿದರೆ ನಾಲ್ಕಕ್ಕೆ ಆ ಕಾಲನ್ನು ಎತ್ತಲಾಗದೆ ಎಡಗಾಲೇ ಮತ್ತೆ ಮುಂದೆ ಹೋಗುತ್ತದೆ. ಮೂರಕ್ಕೆ ನಿಲ್ಲಿಸಿ, ‘ಈಗ ಬಲಗಾಲು ಎತ್ತಿ’ ಎಂದು ಹೇಳಿ ನೋಡಿ. ಯಾರಿಗೆ ಎತ್ತಲು ಆಗುವುದಿಲ್ಲವೋ ಅವರಿಗೆ ಈ ಒಂದನ್ನೇ ತಿದ್ದಿದರೆ ಸಾಕು.

ಇನ್ನು ದಿಕ್ಕಿನ ಗೊಂದಲ. ಜೋಡಿಯಾಗಿ ಕೈಹಿಡಿದು ಮಾಡುವ ವಾಲ್ಟ್ಜ್‌ನಲ್ಲಿ ಒಬ್ಬರ ಎಡಗಾಲಿಗೆ ಇನ್ನೊಬ್ಬರ ಬಲಗಾಲು ಉತ್ತರಿಸುತ್ತದೆ. ಎದುರುಬದುರು ಸಾಲು ನೃತ್ಯದಲ್ಲಿ ಸಾಮಾನ್ಯವಾಗಿ ಎಲ್ಲರದೂ ಒಂದೇ ಹೆಜ್ಜೆ. ಇಬ್ಬರೂ ತಮ್ಮ ತಮ್ಮ ಎಡಕ್ಕೆ ಸರಿದರೆ ನೋಡುವವರಿಗೆ ಒಬ್ಬರಿಂದೊಬ್ಬರು ದೂರ ಸರಿದಂತೆ ಕಾಣುತ್ತದೆ, ಅದು ಸರಿಯಾದದ್ದೇ. ಎದುರಿನವರು ದೂರ ಹೋದರಲ್ಲ ಎಂದು ಅವರನ್ನು ಅನುಸರಿಸಲು ಹೋದವರೇ ತಪ್ಪು ಬದಿಗೆ ಸರಿಯುತ್ತಾರೆ. ಜೋಡಿ ನೃತ್ಯದ ವಿಡಿಯೋಗಳನ್ನು ನೋಡಿ ಇದನ್ನು ಕಲಿಯಬೇಡಿ.

ದಾಟುವಾಗ ಬಲಭುಜಕ್ಕೆ ಬಲಭುಜ ಹತ್ತಿರವಾಗಿ ಹಾದುಹೋಗಲಿ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ರಸ್ತೆಯ ಎಡಬದಿ ಹಿಡಿದು ಹೋಗುವಾಗ ಎದುರಿನ ಗಾಡಿ ನಮ್ಮ ಬಲಗಡೆಯಿಂದ ಸಾಗುವಂತೆ, ಇಬ್ಬರೂ ತುಸು ಎಡಕ್ಕೆ ವಾಲಿದರೆ ಡಿಕ್ಕಿಯಾಗುವುದಿಲ್ಲ. ಆರು ಎಣಿಕೆಯಲ್ಲಿ ದಾಟಿ, ಮುಂದಿನ ಮೂರರಲ್ಲಿ ಎಡಕ್ಕೆ ಅರ್ಧ ಸುತ್ತು, ಕೊನೆಯ ಮೂರರಲ್ಲಿ ಚಿಕ್ಕ ಹೆಜ್ಜೆಯಿಂದ ಹಿಂದಕ್ಕೆ: ಈ ಹನ್ನೆರಡನ್ನು ಹಾಡಿಲ್ಲದೆ ಬರೀ ಬೋಲಿಗೆ ರೂಢಿಸಿಕೊಂಡ ಮೇಲೆ ಉಳಿದದ್ದಕ್ಕೆ ಹೋಗಿ.

ಉತ್ತರ (ಯಾದಗಿರಿಯಿಂದ)

ನಿಮ್ಮ ಅಭ್ಯಾಸದ ನೆಲ ಶಹಾಬಾದ್ ಕಲ್ಲಿನ ಫರಸಿಯೇ? ಹಾಗಿದ್ದರೆ ಪಾಲಿಶ್ ಆಗದ ಕಲ್ಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡು ಅರ್ಧ ಸುತ್ತು ತಿರುಗಬೇಡಿ. ಅಟ್ಟೆ ಕಲ್ಲನ್ನು ಕಚ್ಚಿ ನಿಲ್ಲುತ್ತದೆ, ಮೈ ಮಾತ್ರ ತಿರುಗಿ ಮಂಡಿಗೆ ಪೆಟ್ಟಾಗುತ್ತದೆ. ಹಿಮ್ಮಡಿ ಎತ್ತಿ, ಪಾದದ ಮುಂಭಾಗದ ಮೇಲೆ ಎರಡು ಮೂರು ಸಣ್ಣ ಹೆಜ್ಜೆಗಳಲ್ಲಿ ತಿರುಗುವುದು ಹಿರಿಯರಿಗೆ ಕ್ಷೇಮ. ಕಲ್ಲುಗಳ ನಡುವಿನ ಸಂದುಗೆರೆಯನ್ನೇ ಸಾಲಿನ ಗುರುತಾಗಿ ಬಳಸಿಕೊಳ್ಳಬಹುದು, ಸೀಮೆಸುಣ್ಣದ ಗೆರೆ ಬೇಕಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನೆಲ ಫರಸಿಯದೇ, ಪಾಲಿಶ್ ಆಗಿಲ್ಲ. ಮೂರನೆಯ ಎಣಿಕೆಯ ಪರೀಕ್ಷೆಯನ್ನು ಇಂದು ಸಂಜೆ ಮಾಡಿದಾಗ ಬಲಗಾಲು ಎತ್ತಲಾಗದವರು ಹಲವರಿದ್ದರು, ಸುತ್ತು ತಪ್ಪುತ್ತಿದ್ದವರೂ ಅವರೇ. ದಾಟುವಾಗ ಕಣ್ಣು ಎಲ್ಲಿರಬೇಕು ಎಂಬುದನ್ನು ನೃತ್ಯ ಕಲಿಸುವವರು ತಿಳಿಸಬೇಕೆಂದು ವಿನಂತಿ.

ಉತ್ತರ (ಕಲಬುರಗಿಯಿಂದ, ನೃತ್ಯ ಕಲಿಸುವವರು)

ಎದುರಿನವರ ಪಾದವನ್ನು ಎಂದೂ ನೋಡಬೇಡಿ, ಕತ್ತು ಬಗ್ಗಿದರೆ ಹೆಜ್ಜೆಯೂ ಚಿಕ್ಕದಾಗುತ್ತದೆ. ಮೊದಲ ಮೂರು ಎಣಿಕೆಯವರೆಗೆ ಅವರ ಮುಖ ನೋಡಿ, ನಾಲ್ಕಕ್ಕೆ ದೃಷ್ಟಿಯನ್ನು ಅವರ ಬಲಭುಜದಾಚೆಗಿನ ಗೋಡೆಯ ಕಡೆಗೆ ಹೊರಳಿಸಿ. ಅರ್ಧ ಸುತ್ತು ಮುಗಿದಾಗ ಮತ್ತೆ ಮುಖ ಸಿಗುತ್ತದೆ.